ನಕ್ಷತ್ರ ಕಳ್ಳಿ ಸೊರಗಿದಾಗ: ದೋಷ ಪತ್ತೆ ಮತ್ತು ನಿವಾರಣೆ

ಆಸ್ಟ್ರೊಫೈಟಮ್ ಆಸ್ಟೀರಿಯಾಸ್ ಎಂಬ ಈ ಪುಟ್ಟ ಕಳ್ಳಿ ಕೆಡಲು ಹತ್ತಾರು ಕಾರಣಗಳಿವೆ, ಆದರೆ ಅದು ತೋರಿಸುವ ಲಕ್ಷಣಗಳು ನಾಲ್ಕೈದೇ. ನೀರಿಲ್ಲದೆ ಬಾಯಾರಿದ ಗಿಡವೂ ಕುಗ್ಗುತ್ತದೆ, ನೀರು ಹೆಚ್ಚಾಗಿ ಬೇರು ಕಳೆದುಕೊಂಡ ಗಿಡವೂ ಕುಗ್ಗುತ್ತದೆ. ಮೊದಲನೆಯದಕ್ಕೆ ನೀರೇ ಮದ್ದು. ಎರಡನೆಯದಕ್ಕೆ ಅದೇ ನೀರು ಕೊನೆಯ ಪೆಟ್ಟು. ಆದ್ದರಿಂದ ಔಷಧಿಯ ಬಾಟಲಿಗೆ ಕೈ ಹಾಕುವ ಮೊದಲು ಗಿಡವನ್ನು ಮುಟ್ಟಿ ನೋಡಬೇಕು, ಕುಂಡವನ್ನು ತೂಗಬೇಕು. ಅಷ್ಟಕ್ಕೂ ಅನುಮಾನ ಉಳಿದರೆ ಗಿಡ ಹೊರತೆಗೆದು ಬೇರು ನೋಡಬೇಕು.

ಆರೋಗ್ಯವಂತ ಗಿಡದ ಗುರುತು

ಈ ಗಿಡದ ಮೂಲ ನೆಲೆ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಟಾರ್ ಕೌಂಟಿ, ಮತ್ತು ಗಡಿಯಾಚೆ ಮೆಕ್ಸಿಕೊದ ತಮೌಲಿಪಾಸ್, ನುಯೆವೊ ಲಿಯೊನ್ ರಾಜ್ಯಗಳ ಮುಳ್ಳುಪೊದೆಯ ಬಯಲು. ಅಲ್ಲಿ ಅದು ಪೊದೆಗಳ ಅರೆನೆರಳಿನಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಅಗಲ 5ರಿಂದ 15 ಸೆಂ.ಮೀ., ಎತ್ತರ 2ರಿಂದ 6 ಸೆಂ.ಮೀ. ಚಪ್ಪಟೆ ಗುಮ್ಮಟದಂಥ ಮೈ, ಸಾಮಾನ್ಯವಾಗಿ ಎಂಟು ಏಣು, ಮುಳ್ಳು ಇರುವುದಿಲ್ಲ. ಪ್ರತಿ ಏಣಿನ ನಡುಗೆರೆಯಲ್ಲಿ ಉಣ್ಣೆಯ ಬೊಟ್ಟುಗಳ ಸಾಲು, ಮೈತುಂಬ ಸಣ್ಣ ಬಿಳಿ ಚುಕ್ಕೆ. ಮಳೆಯಿಲ್ಲದ ತಿಂಗಳುಗಳಲ್ಲಿ ಗಿಡ ಮೈ ಕುಗ್ಗಿಸಿಕೊಂಡು ಮಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಬಣ್ಣವೂ ಮಣ್ಣಿನಂತಾಗುತ್ತದೆ. ಕುಗ್ಗುವುದು ಅದರ ಬದುಕುವ ಉಪಾಯ. ಅದನ್ನು ರೋಗವೆಂದು ತಿಳಿದು ನೀರು ಸುರಿಯುವುದೇ ಈ ಕಳ್ಳಿ ಸಾಯುವ ಅತಿ ಸಾಮಾನ್ಯ ದಾರಿ.

ಮೊದಲು ಮಾಡಬೇಕಾದ ಮೂರು ಪರೀಕ್ಷೆ

ಬೆರಳು: ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗಿಡದ ಎದುರುಬದುರು ಪಕ್ಕೆಗಳನ್ನು ಹಗುರವಾಗಿ ಒತ್ತಿ. ಗಟ್ಟಿ ರಬ್ಬರ್ ಚೆಂಡಿನ ಬಿಗಿ ಇದ್ದರೆ ಒಳಗೆ ನೀರು ಸಾಕಷ್ಟಿದೆ. ಎಲ್ಲ ಕಡೆ ಒಂದೇ ಸಮನೆ ಸ್ವಲ್ಪ ಒಳಹೋದರೆ ನೀರು ಕಡಿಮೆಯಾಗಿದೆ. ಉಳಿದೆಲ್ಲ ಗಟ್ಟಿಯಿದ್ದು ಒಂದೇ ಕಡೆ ಮೆತ್ತಗಿದ್ದರೆ ಅಲ್ಲಿ ಕೊಳೆ ಹಿಡಿದಿದೆ. ಬಣ್ಣ ಬದಲಾಗುವ ಮೊದಲೇ ಬೆರಳಿಗೆ ಇದು ತಿಳಿಯುತ್ತದೆ. ದಿನ ಬಿಟ್ಟು ದಿನ ಒತ್ತಿ ನೋಡುವ ಅಗತ್ಯವಿಲ್ಲ, ವಾರಕ್ಕೊಮ್ಮೆ ಸಾಕು.

ಕಣ್ಣು: ಬದಲಾವಣೆ ಎಲ್ಲಿಂದ ಶುರುವಾಯಿತು ಎಂಬುದೇ ಅರ್ಧ ಉತ್ತರ. ಬುಡದಿಂದ ಮೇಲೇರುತ್ತಿದ್ದರೆ ಕೊಳೆ ಅಥವಾ ವಯಸ್ಸಿನ ಬೆಂಡು (ಮೈ ಒಣಗಿ ತೊಗಟೆಯಂತಾಗುವುದು). ಒಂದೇ ಪಕ್ಕೆಯಲ್ಲಿದ್ದರೆ ಬಿಸಿಲಿನ ಸುಟ್ಟಗಾಯ. ನೆತ್ತಿಯಿಂದ ಶುರುವಾಗಿದ್ದರೆ ನುಸಿ, ಹಿಟ್ಟು ತಿಗಣೆ ಅಥವಾ ನೀರಿನ ಕ್ಷಾರ.

ತಕ್ಕಡಿ: ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಗಿಡ ಚೆನ್ನಾಗಿರುವಾಗಲೇ ಕುಂಡವನ್ನು ಎರಡು ಸಲ ತೂಗಿ: ನೀರು ಹಾಕಿ ಪೂರ್ತಿ ಬಸಿದ ಮೇಲೊಮ್ಮೆ, ಪೂರ್ತಿ ಒಣಗಿದ ಮೇಲೊಮ್ಮೆ. 8 ಸೆಂ.ಮೀ. ಕುಂಡವೊಂದು ತುಂಬಿದಾಗ 410 ಗ್ರಾಂ, ಒಣಗಿದಾಗ 330 ಗ್ರಾಂ ಬಂತು ಎನ್ನೋಣ. ಆ ಎರಡು ಅಂಕಿಗಳನ್ನು ಕುಂಡದ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡಿ. ಮೇಲ್ಪದರದ ಜಲ್ಲಿ ಒಂದೇ ದಿನದಲ್ಲಿ ಒಣಗಿ ಬಿಳಚಿಕೊಳ್ಳುತ್ತದೆ, ಅದನ್ನು ನೋಡಿ ಒಳಗಿನ ಮಾತು ತಿಳಿಯುವುದಿಲ್ಲ. ತೂಕ ಮಾತ್ರ ಮೋಸ ಮಾಡುವುದಿಲ್ಲ.

ಗಿಡ ಕುಗ್ಗಿದೆ, ಕುಂಡ ಹಗುರವಾಗಿದೆ

ತೂಕ ಒಣ ಅಂಕಿಗೆ ಇಳಿದಿದೆ, ಏಣುಗಳು ಚಪ್ಪಟೆಯಾಗಿವೆ, ಮೈ ಎಲ್ಲೆಡೆ ಸಮನಾಗಿ ಬಗ್ಗುತ್ತದೆ, ಬಣ್ಣ ತುಸು ಮಂಕು. ಇದು ಬಾಯಾರಿಕೆ. ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಮೇಲಿರುವ ಬೆಳವಣಿಗೆಯ ಕಾಲವಾದರೆ ನೀರು ಕೊಡಿ. ಚಳಿಗಾಲವಾದರೆ ಹಾಗೇ ಬಿಡಿ. 10 ಡಿಗ್ರಿಯ ಆಸುಪಾಸಿನಲ್ಲಿ ಬೇರು ನೀರೆಳೆಯುವ ಕೆಲಸವನ್ನೇ ಬಹುತೇಕ ನಿಲ್ಲಿಸಿರುತ್ತದೆ, ಹಾಕಿದ ನೀರು ಅಲ್ಲೇ ನಿಂತು ಕೊಳೆಗೆ ದಾರಿ ಮಾಡುತ್ತದೆ.

ನೀರು ಕೊಡುವುದಕ್ಕೂ ಕ್ರಮವಿದೆ. ಪೂರ್ತಿ ಒಣಗಿದ ಮಿಶ್ರಣದ ಮೇಲಿಂದ ಹುಯ್ದರೆ ನೀರು ಕುಂಡದ ಅಂಚಿನಗುಂಟ ಸರ್ರನೆ ಇಳಿದು ತಳದಿಂದ ಹೊರಬರುತ್ತದೆ, ನಡುವಿನ ಬೇರಿಗೆ ತಲುಪುವುದೇ ಇಲ್ಲ. ತಟ್ಟೆಯಲ್ಲಿ 2 ಸೆಂ.ಮೀ. ನೀರು ತುಂಬಿ ಕುಂಡವನ್ನು 20 ನಿಮಿಷ ನಿಲ್ಲಿಸಿ, ತೆಗೆದು ಪೂರ್ತಿ ಬಸಿಯಲು ಬಿಡಿ. ಗಿಡ ಎರಡು ಮೂರು ತಿಂಗಳು ನೀರು ಕಂಡಿಲ್ಲವಾದರೆ ಹೀಗೆ ಒಮ್ಮೆಲೇ ನೆನೆಸಬೇಡಿ. ಅಷ್ಟು ದಿನದ ಒಣಗಿಗೆ ಕೂದಲೆಳೆಯಂಥ ಸಣ್ಣ ಬೇರುಗಳು ಸತ್ತಿರುತ್ತವೆ. ಮೊದಲು ಅಂಚಿನ ಸುತ್ತ 15–20 ಮಿ.ಲೀ. ಮಾತ್ರ ಹಾಕಿ, ವಾರ ಬಿಟ್ಟು ಅದರ ಎರಡರಷ್ಟು, ಇನ್ನೊಂದು ವಾರ ಬಿಟ್ಟು ಪೂರ್ತಿ. ಈ ಹೊತ್ತಿಗೆ ಹೊಸ ಬೇರು ಮೂಡಿರುತ್ತದೆ.

ನೀರು ಹಾಕುವ ಮುನ್ನ ಗಿಡದ ಅಗಲವನ್ನು ಸ್ಕೇಲಿನಿಂದ ಅಳೆದಿಡಿ. ಬೇರು ಚೆನ್ನಾಗಿದ್ದರೆ ಮೂರು ನಾಲ್ಕು ದಿನದಲ್ಲಿ ಮೈ ಬಿಗಿಯಾಗತೊಡಗಿ, ವಾರದೊಳಗೆ ಅಳತೆಯಲ್ಲಿ ಕೆಲವು ಮಿಲಿಮೀಟರ್ ಹೆಚ್ಚಿರುತ್ತದೆ. ಹತ್ತು ದಿನವಾದರೂ ಅಳತೆ ಅಲ್ಲೇ ನಿಂತಿದ್ದರೆ ಎರಡನೇ ಸಲ ನೀರು ಹಾಕುವ ತಪ್ಪು ಮಾಡಬೇಡಿ. ಸಮಸ್ಯೆ ಕೆಳಗಡೆಯದು.

ಗಿಡ ಕುಗ್ಗಿದೆ, ಕುಂಡ ಭಾರವಾಗಿದೆ

ಮಣ್ಣಿನಲ್ಲಿ ನೀರಿದೆ, ಗಿಡದಲ್ಲಿಲ್ಲ. ನಡುವಿನ ಬೇರು ಹೋಗಿದೆ ಎನ್ನಲು ಇಷ್ಟು ಸಾಕು. ಖಚಿತವಾಗಬೇಕಿದ್ದರೆ ಗಿಡದ ಪಕ್ಕೆಗೆ ಬೆರಳಿಟ್ಟು ಮೆಲ್ಲಗೆ ತಳ್ಳಿ ನೋಡಿ. ಬೇರಿರುವ ಗಿಡದ ಜೊತೆ ಸುತ್ತಲಿನ ಜಲ್ಲಿಯೂ ಅಲುಗುತ್ತದೆ. ಬೇರಿಲ್ಲದ್ದು ಇಟ್ಟ ಕಲ್ಲಿನಂತೆ ತಾನೊಂದೇ ಅಲುಗುತ್ತದೆ. ಹೀಗಾದಾಗ ನಾಳೆ ನೋಡೋಣ ಎನ್ನಬಾರದು. ಕೊಳೆ ಬೇರಿನಲ್ಲೇ ಇದ್ದರೆ ಗಿಡ ಉಳಿಯುತ್ತದೆ. ಮೈಗೆ ಏರಿದರೆ ಬೆಚ್ಚನೆಯ ವಾತಾವರಣದಲ್ಲಿ ಕೆಲವೇ ದಿನ.

ಕುಂಡವನ್ನು ಓರೆ ಮಾಡಿ, ಗೋಡೆಯನ್ನು ಸುತ್ತಲೂ ಹಿಸುಕಿ, ಗಿಡವನ್ನು ಎಳೆಯದೆ ಮಣ್ಣಿನ ಹೆಂಟೆಯ ಸಮೇತ ಅಂಗೈಗೆ ಇಳಿಸಿಕೊಳ್ಳಿ. ಮರದ ಕಡ್ಡಿಯಿಂದ ಮಿಶ್ರಣ ಬಿಡಿಸಿ. ಜೀವವಿರುವ ಬೇರು ಕೆನೆ ಬಣ್ಣದ್ದು ಅಥವಾ ತಿಳಿಕಂದು, ತುದಿ ಬಿಳಿ, ಎಳೆದರೆ ತಡೆಯುತ್ತದೆ. ಸತ್ತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಗಿನ ಕಂದು ಸಿಪ್ಪೆ ಕೋಶದಂತೆ ಕಳಚಿ ಕೈಗೆ ಬರುತ್ತದೆ, ಒಳಗಿನ ನಾರು ಮಾತ್ರ ದಾರದ ಎಳೆಯ ಹಾಗೆ ಗಿಡದಲ್ಲಿ ಉಳಿಯುತ್ತದೆ. ಈ ಒಂದು ಗುರುತು ಸಾಕು, ಬೇರೆ ಪರೀಕ್ಷೆ ಬೇಡ.

ಇದೇ ಹಂತದಲ್ಲಿ ಇನ್ನೊಂದು ವಸ್ತುವನ್ನು ಹುಡುಕಿ. ಹೊಸದಾಗಿ ಕೊಂಡ ಗಿಡಗಳಲ್ಲಿ ಹೊರಗೆ ಒಳ್ಳೆಯ ಜಲ್ಲಿ ಮಿಶ್ರಣವಿದ್ದು, ನಡುವೆ ಸಸಿ ಬೆಳೆಸಿದ ಕಾಲದ ಪೀಟ್ (ಕೊಳೆತ ಪಾಚಿಯ ನಾರುಮಣ್ಣು) ಉಂಡೆ ಹಾಗೇ ಉಳಿದಿರುತ್ತದೆ, ಬೇರಿನ ಕುತ್ತಿಗೆಗೆ ಅಪ್ಪಿಕೊಂಡು. ಸುತ್ತಲಿನ ಜಲ್ಲಿ ಒಣಗಿದ ಮೇಲೂ ಆ ಉಂಡೆ ಒದ್ದೆಯಾಗಿರುತ್ತದೆ. ಪೂರ್ತಿ ಒಣಗಿತೆಂದರೆ ಮತ್ತೆ ನೀರು ಹೀರುವುದಿಲ್ಲ. ಎರಡೂ ಬೇರಿಗೆ ಕೆಡುಕು. ಉಂಡೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಪೂರ್ತಿ ತೊಳೆದು ತೆಗೆಯಿರಿ. ಹೊಸ ಗಿಡ ತಂದ ಕೂಡಲೇ ಈ ಕೆಲಸ ಮಾಡಿಬಿಟ್ಟರೆ ಮುಂದಿನ ಅರ್ಧ ತೊಂದರೆಗಳು ಬರುವುದೇ ಇಲ್ಲ.

ಸತ್ತ ಬೇರುಗಳನ್ನೆಲ್ಲ ಕತ್ತರಿಸಿ. ಬುಡದ ಅಂಗಾಂಶ ಗಟ್ಟಿಯಾಗಿ, ತಿಳಿಹಸಿರಾಗಿ ಇದ್ದರೆ ಗಿಡವನ್ನು ನೆರಳಿನಲ್ಲಿ ಗಾಳಿಯಾಡುವೆಡೆ 7–10 ದಿನ ಒಣಗಿಸಿ, ಒಣ ಮಿಶ್ರಣದಲ್ಲಿ ನೆಟ್ಟು, ಇನ್ನೂ ಒಂದು ವಾರ ಬಿಟ್ಟು ಮೊದಲ ನೀರು ಕೊಡಿ.

ಕೊಳೆ ಮೈಗೆ ಏರಿದ್ದರೆ

ಬುಡ ಕಂದು, ಇಲ್ಲವೇ ಗಾಜಿನಂತೆ ಅರೆಪಾರದರ್ಶಕ; ಒತ್ತಿದರೆ ನೀರೊಸರುತ್ತದೆ, ಕೆಲವೊಮ್ಮೆ ದುರ್ವಾಸನೆ. ಇಲ್ಲಿ ಶಿಲೀಂಧ್ರನಾಶಕ ಸಿಂಪಡಿಸುವುದರಿಂದ ಏನೂ ಆಗದು, ಯಾಕೆಂದರೆ ಕೊಳೆ ಇರುವುದು ನಾಳಗಳ ಒಳಗೆ. ಕತ್ತರಿಸಲೇಬೇಕು.

ತೆಳು ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬುಡದಿಂದ 3 ಮಿ.ಮೀ. ದಪ್ಪದ ಬಿಲ್ಲೆ ತೆಗೆಯಿರಿ. ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಸಣ್ಣ ಉಂಗುರವೊಂದು ಕಾಣುತ್ತದೆ, ಅದು ನೀರು ಸಾಗಿಸುವ ನಾಳಗಳದು. ಉಂಗುರದ ಮೇಲೆ ಸೂಜಿಮೊನೆಯಷ್ಟು ಕಿತ್ತಳೆಗಂದು ಚುಕ್ಕೆ ಒಂದಿದ್ದರೂ ಕೊಳೆ ಇನ್ನೂ ಮೇಲಿದೆ ಎಂದರ್ಥ. ಸುತ್ತಲಿನ ತಿರುಳು ಎಷ್ಟೇ ಚೆನ್ನಾಗಿ ಕಂಡರೂ ಅಲ್ಲಿಗೆ ನಿಲ್ಲಿಸಬೇಡಿ. ಪ್ರತಿ ಬಿಲ್ಲೆಗೂ ಬ್ಲೇಡನ್ನು ಮತ್ತೆ ಒರೆಸಬೇಕು, ಇಲ್ಲವಾದರೆ ಕೊಳೆಯನ್ನು ನೀವೇ ಮೇಲಕ್ಕೆ ಸಾಗಿಸಿದಂತೆ. ಮುಖ ಪೂರ್ತಿ ಸ್ವಚ್ಛವಾದ ಮೇಲೆ ಇನ್ನೂ ಒಂದು ತೆಳು ಬಿಲ್ಲೆ ತೆಗೆದರೆ ಮನಸ್ಸಿಗೆ ನೆಮ್ಮದಿ.

ಉಳಿದದ್ದು ಒಂದೂವರೆ ಸೆಂ.ಮೀ.ಗಿಂತ ದಪ್ಪವಿದ್ದರೆ ಬೇರು ಬರಿಸಲು ನೋಡಬಹುದು. ಗಾಯಕ್ಕೆ ಗಂಧಕದ ಪುಡಿ ತೆಳುವಾಗಿ ಸವರಿ, 2–3 ವಾರ ಒಣಗಲು ಬಿಡಿ. ಮುಖ ಒಳಗೆ ಎಳೆದುಕೊಂಡು ಗಟ್ಟಿ ಹಕ್ಕಳೆ ಕಟ್ಟುತ್ತದೆ. ಆಮೇಲೆ ಒಣ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ರಂಧ್ರಗಲ್ಲು) ಅಥವಾ ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಖನಿಜದ ಹರಳು) ಮೇಲೆ ಕೂರಿಸಿ. ಕೆಳಗಿನ ಪದರಕ್ಕೆ ಮಾತ್ರ ಸ್ವಲ್ಪ ತೇವ ಕೊಡಿ, ಗಾಯಕ್ಕೆ ನೀರು ತಾಕಬಾರದು. 25 ಡಿಗ್ರಿಯ ಆಸುಪಾಸಿನಲ್ಲಿ ಬೇರು ಬರಲು ಒಂದೂವರೆ ಎರಡು ತಿಂಗಳು ಹಿಡಿಯಬಹುದು, ಇನ್ನೂ ತಡವೂ ಆಗಬಹುದು. ಎತ್ತಿ ಎತ್ತಿ ನೋಡಿದರೆ ಮೂಡಿದ ತುದಿ ಮುರಿಯುತ್ತದೆ.

ಉಳಿದದ್ದು ತೀರಾ ತೆಳು, ಅಥವಾ ಗಿಡ ಅಪರೂಪದ ತಳಿ ಎಂದಾದರೆ ಕಸಿಯೇ ಮೇಲು. ಮಿರ್ಟಿಲೊಕ್ಯಾಕ್ಟಸ್ ಎಂಬ ಕಂಬಗಳ್ಳಿಯ ಅಥವಾ ಡ್ರ್ಯಾಗನ್ ಫ್ರೂಟ್ ಕಾಂಡವನ್ನು ಅಡ್ಡ ಕತ್ತರಿಸಿ, ಅಂಚುಗಳನ್ನು ಓರೆಯಾಗಿ ಸವರಿ, ಎರಡರ ನಾಳದ ಉಂಗುರಗಳು ಒಂದರ ಮೇಲೊಂದು ಕೂರುವಂತೆ, ಗಾತ್ರ ಹೊಂದದಿದ್ದರೆ ಕನಿಷ್ಠ ಎರಡು ಕಡೆ ಅಡ್ಡಹಾಯುವಂತೆ ಇಡಿ. ನಡುವೆ ಗಾಳಿ ಉಳಿಯದ ಹಾಗೆ ಒತ್ತಿ ತಿರುಗಿಸಿ, ರಬ್ಬರ್ ಬ್ಯಾಂಡ್ ಹಾಕಿ ವಾರ ಹತ್ತು ದಿನ ನೆರಳಿನಲ್ಲಿಡಿ. ಇದು ಕತ್ತರಿಸಿದ ಕೆಲವು ನಿಮಿಷದೊಳಗೆ ಮುಗಿಯಬೇಕಾದ ಕೆಲಸ. ಮುಖ ಒಣಗಿದರೆ ಬೆಸುಗೆಯಾಗದು. ಈ ಎರಡು ಬೇರುಗಿಡಗಳೂ ಚಳಿ ತಾಳುವುದಿಲ್ಲ ಎಂಬುದು ನೆನಪಿರಲಿ. ಸ್ವಂತ ಬೇರಿನ ನಕ್ಷತ್ರ ಕಳ್ಳಿ ಒಣಗಿಸಿಟ್ಟರೆ 5 ಡಿಗ್ರಿಯಲ್ಲೂ ಕ್ಷೇಮ, ಕಸಿಗಿಡವನ್ನು 10ರ ಮೇಲೆಯೇ ಇಡಬೇಕು.

ಕೊಳೆ ಬಂದದ್ದೇಕೆ: ಮಿಶ್ರಣ ಮತ್ತು ಕುಂಡ

ಗಿಡ ಉಳಿಸಿಕೊಂಡು ಅದೇ ಮಣ್ಣಿಗೆ ವಾಪಸ್ ನೆಟ್ಟರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. ಬೇಸಿಗೆಯಲ್ಲಿ ಕುಂಡದ ತೂಕ ತುಂಬಿದ ಅಂಕಿಯಿಂದ ಒಣ ಅಂಕಿಗೆ 5–8 ದಿನದಲ್ಲಿ ಇಳಿಯಬೇಕು. ಎರಡು ವಾರ ಹಿಡಿದರೆ ಮಿಶ್ರಣ ಬದಲಿಸಲೇಬೇಕು.

ನಂಬಬಹುದಾದ ಅಳತೆ: 3–5 ಮಿ.ಮೀ. ಪ್ಯೂಮಿಸ್ ಅಥವಾ ಇಟ್ಟಿಗೆ ಚೂರು 4 ಭಾಗ, ತೊಳೆದ ದಪ್ಪ ಮರಳು (1–3 ಮಿ.ಮೀ.) 2 ಭಾಗ, ಜರಡಿ ಹಿಡಿದ ಹಳೆಯ ಎಲೆಗೊಬ್ಬರ 1 ಭಾಗ, ಇದ್ದಿಲಿನ ಚೂರು ಅರ್ಧ ಭಾಗ. ಎಲ್ಲವನ್ನೂ 1 ಮಿ.ಮೀ. ಜರಡಿಯಲ್ಲಿ ಹಾಕಿ ಪುಡಿಯನ್ನು ಬಿಸಾಡಿ. ಈ ಜರಡಿಯ ಕೆಲಸ ಬೇಸರದ್ದು, ಆದರೆ ಬಿಡಬೇಡಿ: ಇಟ್ಟಿಗೆಯ ಪುಡಿ ಮತ್ತು ಸಣ್ಣ ಮರಳು ನೀರಿನೊಂದಿಗೆ ತಳಕ್ಕಿಳಿದು ಕೆಸರಾಗಿ ರಂಧ್ರದ ಮೇಲೆ ಕೂರುತ್ತವೆ, ಮೇಲಿನ ಎಲ್ಲ ಜಲ್ಲಿಯನ್ನೂ ವ್ಯರ್ಥ ಮಾಡುತ್ತವೆ. ಕಟ್ಟಡದ ಅತಿ ಸಣ್ಣ ಮರಳನ್ನು ಕೊಕೊಪೀಟ್ ಜೊತೆ ಬೆರೆಸಿ ಕಳ್ಳಿ ಮಿಶ್ರಣವೆಂದು ಬಳಸುವುದುಂಟು. ಈ ಗಿಡಕ್ಕೆ ಅದು ಸರ್ವಥಾ ಬೇಡ.

ಕುಂಡ ಗಿಡಕ್ಕಿಂತ 2–3 ಸೆಂ.ಮೀ. ಮಾತ್ರ ಅಗಲವಿರಲಿ, ಆಳ 8–10 ಸೆಂ.ಮೀ. ಮುಂದೆ ದೊಡ್ಡದಾಗುತ್ತದೆಂದು ಈಗಲೇ ದೊಡ್ಡ ಕುಂಡ ಕೊಟ್ಟರೆ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆಯಿರುತ್ತದೆ. ನೆಟ್ಟಾಗ ಬೇರಿನ ಕುತ್ತಿಗೆಯ ಸುತ್ತ 1 ಸೆಂ.ಮೀ. ಬರಿ ಜಲ್ಲಿ ತುಂಬಿ. ಕೊಳೆ ಹೆಚ್ಚಾಗಿ ಹತ್ತುವುದು ಆ ಕುತ್ತಿಗೆಯಲ್ಲೇ, ಅದು ಎಲ್ಲಕ್ಕಿಂತ ಮೊದಲು ಒಣಗಬೇಕು.

ಮೈಮೇಲೆ ಕಂದು ಕಲೆ

ಮೂರು ಬೇರೆ ಬೇರೆ ಕಾರಣಗಳು ಇಲ್ಲಿ ಒಂದೇ ಥರ ಕಾಣುತ್ತವೆ. ಬುಡದಿಂದ ಶುರುವಾಗಿ, ಸುತ್ತಲೂ ಸಮನಾಗಿ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಮೇಲೇರುವ ಒಣ, ಗಟ್ಟಿ, ಮರದ ತೊಗಟೆಯಂಥ ಕಂದು ಬಣ್ಣ ಬೆಂಡು. ವಯಸ್ಸಾದ ಗಿಡಕ್ಕೆ ಸಹಜ, ಏನೂ ಮಾಡಬೇಕಿಲ್ಲ. ಬೆರಳಿನಿಂದ ಒತ್ತಿದಾಗ ಗಟ್ಟಿಯಿದ್ದರೆ ಬೆಂಡು, ಮೆತ್ತಗಿದ್ದರೆ ಕೊಳೆ, ಸಂದೇಹಕ್ಕೆ ಎಡೆಯಿಲ್ಲ.

ಬಿಸಿಲಿಗೆ ಎದುರಾದ ಒಂದೇ ಪಕ್ಕೆ ಒಂದೆರಡು ದಿನದಲ್ಲಿ ಬಿಳಚಿ, ಹಳದಿಯಾಗಿ, ಆಮೇಲೆ ಕಂದು ಹಕ್ಕಳೆಯಾದರೆ ಅದು ಸುಟ್ಟಗಾಯ. ಕಲೆ ಹೋಗುವುದಿಲ್ಲ, ಹರಡುವುದೂ ಇಲ್ಲ. ಕಳ್ಳಿ ಎಂದ ಕೂಡಲೇ ಉರಿಬಿಸಿಲಿಗೆ ಇಡುವವರು ಈ ಗಿಡ ಹುಟ್ಟಿದ್ದು ಪೊದೆಯ ಕೆಳಗೆ ಎಂಬುದನ್ನು ಮರೆಯುತ್ತಾರೆ. ಬೆಳಗಿನ ಬಿಸಿಲು 3–4 ಗಂಟೆ, ಆಮೇಲೆ 30ರಿಂದ 50 ಪ್ರತಿಶತ ನೆರಳು ಪರದೆ ಇದ್ದರೆ ಹಿತ. ಒಳಗಿದ್ದ ಗಿಡವನ್ನು ಹೊರಗಿಡುವಾಗ ಮೊದಲ ವಾರ ದಿನಕ್ಕೆ ಒಂದು ಗಂಟೆ, ನಂತರ ವಾರಕ್ಕೊಂದು ಗಂಟೆ ಹೆಚ್ಚಿಸುತ್ತ ಹೋಗಿ.

ನೆತ್ತಿಯ ಎಳೆ ಭಾಗದಲ್ಲಿ ತುಕ್ಕಿನ ಪುಡಿ ಸವರಿದಂಥ ಸಣ್ಣ ಕಂದು, ಅದು ವಾರ ವಾರ ಹೊರಗೆ ಹರಡುತ್ತಿದೆ ಎಂದರೆ ಕೆಂಪು ನುಸಿ. ಬಲೆ ಇದ್ದೇ ಇರಬೇಕೆಂದಿಲ್ಲ, ಚಪ್ಪಟೆ ಜಾತಿಯ ನುಸಿಗಳು ಬಲೆ ಹೆಣೆಯುವುದಿಲ್ಲ. ಗಿಡವನ್ನು ಬಿಳಿ ಕಾಗದದ ಮೇಲೆ ತಲೆಕೆಳಗೆ ಹಿಡಿದು ಬೆರಳಿನಿಂದ ತಟ್ಟಿ. ಬಿದ್ದ ಧೂಳಿನಲ್ಲಿ ಚುಕ್ಕೆಗಳು ನಡೆದಾಡಿದರೆ, ಉಜ್ಜಿದಾಗ ಕೆಂಪು ಗೆರೆ ಎಳೆದರೆ ಸಂಶಯ ಬೇಡ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಅಬಾಮೆಕ್ಟಿನ್‌ನಂಥ ನುಸಿನಾಶಕವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ, ಸಂಜೆ, 7 ದಿನದ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸಿ. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆಯಿಂದ ಮತ್ತೆ ಹುಟ್ಟುತ್ತವೆ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇಲ್ಲಿ ಕೆಲಸಕ್ಕೆ ಬಾರದು, ನುಸಿ ಕೀಟವಲ್ಲ. ಎಣ್ಣೆ ಬೆರೆತ ಔಷಧಿಗಳನ್ನೂ ದೂರವಿಡಿ. ಬಿಳಿ ಚುಕ್ಕೆಗಳು ಎಣ್ಣೆ ಕುಡಿದು ಮಾಸುತ್ತವೆ.

ಬಿಳಿ ಯಾವುದು, ತಿಗಣೆ ಯಾವುದು

ಮೈಮೇಲಿನ ಬಿಳಿ ಚುಕ್ಕೆಗಳು ಗಿಡದವೇ, ಒತ್ತಾಗಿ ಬೆಳೆದ ಸೂಕ್ಷ್ಮ ಕೂದಲ ಗೊಂಚಲುಗಳು. ಜಪಾನಿನಲ್ಲಿ ರೂಪುಗೊಂಡ ಸೂಪರ್ ಕಬುಟೊ ತಳಿಯಲ್ಲಂತೂ ಅವು ಮೈ ಮುಚ್ಚುವಷ್ಟು ದಟ್ಟ. ಇವನ್ನು ಬೂಷ್ಟು ಎಂದು ಉಜ್ಜಿ ತೊಳೆದರೆ ಆ ಜಾಗದಲ್ಲಿ ಮತ್ತೆ ಬರುವುದಿಲ್ಲ. ನೆತ್ತಿಯಲ್ಲಿ ಹುಟ್ಟುವ ಹೊಸ ಭಾಗದಲ್ಲಿ ಮಾತ್ರ ಚುಕ್ಕೆ ಮೂಡುತ್ತದೆ. ಮೇಲಿಂದ ನೀರು ಹುಯ್ಯುವುದನ್ನು ತಪ್ಪಿಸಲು ಇದೂ ಒಂದು ಕಾರಣ.

ಹಿಟ್ಟು ತಿಗಣೆ ಅಡಗುವುದು ನೆತ್ತಿಯ ಉಣ್ಣೆಯಲ್ಲಿ, ಏಣುಗಳ ನಡುವಿನ ಸೀಳಿನಲ್ಲಿ, ಬಾಡಿದ ಹೂವಿನ ಬುಡದಲ್ಲಿ. ಕಡ್ಡಿಯ ಮೊನೆಯಿಂದ ಅನುಮಾನದ ಚುಕ್ಕೆಯನ್ನು ಒತ್ತಿ. ಗಿಡದ ಚುಕ್ಕೆ ಒಣ ನಾರಿನಂತೆ ಅಲ್ಲೇ ಇರುತ್ತದೆ. ತಿಗಣೆಯಾದರೆ ಪಚಕ್ಕನೆ ಒಡೆದು ಹಳದಿ ಅಥವಾ ಕಿತ್ತಳೆ ರಸ ಬಿಡುತ್ತದೆ. 70 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸಣ್ಣ ಚಿತ್ರಕಲೆಯ ಕುಂಚದಿಂದ ತಿಗಣೆಗೆ ಮಾತ್ರ ಮುಟ್ಟಿಸಿ. ಬಿಸಿಲು ತಾಕದ ಸಂಜೆ ಮಾಡಿ, ವಾರಕ್ಕೊಮ್ಮೆ ಮೂರು ವಾರ.

ಬೇರಿನ ಹಿಟ್ಟು ತಿಗಣೆ ಇನ್ನೂ ಕಳ್ಳ. ಮೇಲೆ ಏನೂ ಕಾಣುವುದಿಲ್ಲ, ಗಿಡ ಬೆಳೆಯುವುದನ್ನು ನಿಲ್ಲಿಸುತ್ತದೆ, ನೀರು ಹಾಕಿದರೂ ಮೈ ತುಂಬಿಕೊಳ್ಳದು. ಕುಂಡದಿಂದ ತೆಗೆದಾಗ ಒಳಗೋಡೆಯ ಮೇಲೆ, ಬೇರಿನ ಕವಲುಗಳಲ್ಲಿ ನೀಲಿಛಾಯೆಯ ಬಿಳಿ ಮೇಣದ ಪುಡಿ ಅಂಟಿರುತ್ತದೆ. ಎಲ್ಲ ಮಣ್ಣನ್ನೂ ಎಸೆದು, ಬೇರನ್ನು ನಲ್ಲಿಯ ನೀರಿನಲ್ಲಿ ತೊಳೆದು, ಒಂದು ವಾರ ಒಣಗಿಸಿ ಹೊಸ ಮಿಶ್ರಣಕ್ಕೆ ಹಾಕಿ. ಕುಂಡವನ್ನು ಸೋಪಿನ ಬಿಸಿನೀರಿನಲ್ಲಿ ಉಜ್ಜಿ. ಪಕ್ಕದ ಕುಂಡಗಳನ್ನೂ ತೆಗೆದು ನೋಡಬೇಕು. ನೀರು ತುಂಬಿದ ಒಂದೇ ತಟ್ಟೆಯನ್ನು ಹಂಚಿಕೊಂಡ ಗಿಡಗಳಲ್ಲಿ ಒಂದಕ್ಕೇ ಇರುವುದು ಅಪರೂಪ. ಹೆಚ್ಚು ಗಿಡಗಳಿದ್ದರೆ ಇಮಿಡಾಕ್ಲೋಪ್ರಿಡ್ ದ್ರಾವಣವನ್ನು ಬೇರಿಗೆ ಕೊಡಬಹುದು, ಆದರೆ ಹೂ ಬಿಡುವ ಕಾಲದಲ್ಲಿ ಬೇಡ. ಹೂವಿಗೆ ಬರುವ ಜೇನ್ನೊಣಗಳಿಗೆ ಅದು ವಿಷ.

ಆಕಾರ ಕೆಟ್ಟಿದೆ, ಮೈ ಸೀಳಿದೆ

ಚಪ್ಪಟೆಯಾಗಿರಬೇಕಾದ ಗಿಡ ಮೊಟ್ಟೆಯಂತೆ ಎತ್ತರವಾಗಿ, ನೆತ್ತಿ ತಿಳಿಹಸಿರಾಗಿ ಕೂರುತ್ತಿದ್ದರೆ ಬೆಳಕು ಸಾಲದು. ಎತ್ತರವಾದದ್ದು ಮತ್ತೆ ಇಳಿಯುವುದಿಲ್ಲ. ಬೆಳಕು ಹೆಚ್ಚಿಸಿದರೆ ಮುಂದಿನ ಬೆಳವಣಿಗೆ ಅಗಲವಾಗಿ ಬರುತ್ತದೆ. ಸಾರಜನಕ ಹೆಚ್ಚಿರುವ ಗೊಬ್ಬರವೂ ಇದೇ ಆಕಾರ ಕೊಡುತ್ತದೆ.

ದೀರ್ಘ ಒಣಗಿನ ನಂತರ ಒಮ್ಮೆಲೇ ನೀರು ಸಿಕ್ಕರೆ ಏಣು ಉದ್ದಕ್ಕೆ ಸೀಳಬಹುದು. ನೋಡಲು ಭಯಂಕರ, ಅಪಾಯ ಕಡಿಮೆ. ಸೀಳಿಗೆ ಏನನ್ನೂ ತುಂಬಬೇಡಿ, ಎರಡು ವಾರ ನೀರು ನಿಲ್ಲಿಸಿ ಗಾಳಿಗಿಡಿ, ಬೆಂಡು ಕಟ್ಟುತ್ತದೆ.

ಹೊಸ ಬೆಳವಣಿಗೆ ಹಳದಿ, ಜಲ್ಲಿಯ ಮೇಲೆ ಮತ್ತು ಬುಡದ ಸುತ್ತ ಬಿಳಿ ಉಪ್ಪಿನ ಪದರ ಕಂಡರೆ ನೀರು ಗಡಸು. ಕ್ಷಾರ ಹೆಚ್ಚಾದಾಗ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಮಳೆನೀರು ಬಳಸಿ, ಇಲ್ಲವಾದರೆ ನೀರಿಗೆ ಬಿಳಿ ವಿನೆಗರ್ ಹನಿಹನಿಯಾಗಿ ಬೆರೆಸುತ್ತ, ಪಿಎಚ್ ಪಟ್ಟಿಯಲ್ಲಿ 6ರಿಂದ 6.5 ಬರುವಂತೆ ಮಾಡಿಕೊಂಡು ಹಾಕಿ.

ಹೂವಿಲ್ಲ, ಹೂವಿದ್ದರೂ ಬೀಜವಿಲ್ಲ

ಬೀಜದಿಂದ ಬೆಳೆದ ಗಿಡ ಹೂ ಬಿಡಲು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬೇಕು, ಅಗಲ ಕನಿಷ್ಠ 3 ಸೆಂ.ಮೀ. ದಾಟಿರಬೇಕು. ಆ ಗಾತ್ರವಾಗಿಯೂ ಹೂವಿಲ್ಲದಿದ್ದರೆ ಮೊದಲು ಚಳಿಗಾಲದ ವಿಶ್ರಾಂತಿಯನ್ನು ಪರಿಶೀಲಿಸಿ: ಎರಡು ಮೂರು ತಿಂಗಳು ಒಣಗಿಸಿ, 8–12 ಡಿಗ್ರಿಯ ತಂಪಿನಲ್ಲಿ, ಬೆಳಕಿರುವೆಡೆ ಇಟ್ಟಿದ್ದೀರಾ? ವರ್ಷವಿಡೀ ಬೆಚ್ಚಗಿದ್ದು ನೀರು ಕುಡಿಯುವ ಗಿಡ ಮೈ ಬೆಳೆಸುತ್ತದೆ, ಹೂವಿನ ಗೊಡವೆಗೆ ಹೋಗುವುದಿಲ್ಲ. ಮೊಗ್ಗು ಕಾಣಿಸಿಕೊಂಡು ಕಡ್ಡಿಯಂತೆ ಒಣಗಿದರೆ ಕುಂಡವನ್ನು ಜಾಗ ಬದಲಿಸಿದ್ದು, ಮಣ್ಣು ಪೂರ್ತಿ ಒಣಗಿದ್ದು, ಅಥವಾ ಮೊಗ್ಗಿನ ಬುಡದ ತಿಗಣೆ ಕಾರಣ.

ಕೆಂಪು ಗಂಟಲಿನ ಹಳದಿ ಹೂ ಅರಳಿಯೂ ಕಾಯಿ ಕಟ್ಟದಿರುವುದು ದೋಷವಲ್ಲ. ಈ ಜಾತಿ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಬೇರೆ ಬೀಜದಿಂದ ಹುಟ್ಟಿದ ಎರಡು ಗಿಡ ಒಟ್ಟಿಗೆ ಅರಳಬೇಕು. ಒಂದೇ ಗಿಡದ ಎರಡು ಕಸಿಗಳು ಸಾಲವು. ನಡುಹಗಲಲ್ಲಿ ಹೂ ಪೂರ್ತಿ ಬಿರಿದಾಗ ಒಣ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದರ ಶಲಾಕಾಗ್ರಕ್ಕೆ (ಹೂವಿನ ನಡುವೆ ಪರಾಗ ಹಿಡಿಯುವ ತುದಿಗೆ) ಮುಟ್ಟಿಸಿ, ಮರುದಿನ ಇನ್ನೊಮ್ಮೆ.

ಕೊಂಡು ತಂದ ಗಿಡವೇ ಚೇತರಿಸಿಕೊಳ್ಳದಿದ್ದರೆ

ಬೇರು ಕಡಿದಿದೆ, ಮೈ ಒರಟಾಗಿ ಓರೆಕೋರೆಯಾಗಿದೆ, ಹಳೆಯ ಗಾಯಗಳಿವೆ ಎಂದಾದರೆ ಅದು ಕಾಡಿನಿಂದ ಕಿತ್ತದ್ದಿರಬಹುದು. ಅಂಥವು ಕುಂಡದಲ್ಲಿ ಬೇರು ಬಿಡುವುದು ಕಷ್ಟ. ಅಮೆರಿಕ 1993ರಲ್ಲಿ ಈ ಕಳ್ಳಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಕಾಡಿನ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವುದರಿಂದ ಕಾಡುಗಿಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅವಕಾಶವಿಲ್ಲ. ಟೆಕ್ಸಾಸ್‌ನಲ್ಲಿ ಅಮಲೇರಿಸುವ ಪೆಯೋಟಿ ಕಳ್ಳಿಯೆಂದು ತಪ್ಪು ತಿಳಿದು ಕೀಳುವುದರಿಂದಲೂ ಇದರ ಸಂಖ್ಯೆ ಕರಗಿದೆ. ಬೀಜದಿಂದ ಬೆಳೆಸಿದ ಗಿಡವೆಂಬ ಖಾತರಿಯಿಲ್ಲದೆ ದಯವಿಟ್ಟು ಕೊಳ್ಳಬೇಡಿ.

ಸಸಿಗಳ ತೊಂದರೆ

ದಪ್ಪ, ಹೊಳೆಯುವ ಕಂದುಗಪ್ಪು ಬೀಜ 25–30 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೇ ಮೊಳೆಯುತ್ತದೆ. ಹತ್ತು ದಿನವಾದರೂ ಮೊಳೆಯದಿದ್ದರೆ ಬೀಜ ಹಳೆಯದು. ಬಿಸಿಮಾಡಿ ಶುದ್ಧಗೊಳಿಸಿದ ಮಿಶ್ರಣದ ಮೇಲ್ಮೈಯಲ್ಲೇ ಬಿತ್ತಿ, ಮೇಲೆ ಮಣ್ಣು ಮುಚ್ಚಬೇಡಿ.

ಸಸಿ ಕೆಂಪಾದರೆ ಬೆಳಕು ಜಾಸ್ತಿ, ಉದ್ದುದ್ದ ಬೆಳೆದರೆ ಕಡಿಮೆ. ಬುಡ ನೀರಾಗಿ ಒಂದೊಂದೇ ಮಲಗುತ್ತಿದ್ದರೆ ಶಿಲೀಂಧ್ರ. ಬಿದ್ದವನ್ನು ಅವುಗಳ ಸುತ್ತಲಿನ ಒಂದು ಚಮಚ ಮಣ್ಣಿನ ಸಮೇತ ತೆಗೆದು, ಮುಚ್ಚಳ ತೆರೆದು ಗಾಳಿಯಾಡಿಸಿ. ಸಸಿ ಮೇಲೆ ಹಸಿರಾಗಿಯೇ ಇದ್ದು, ಮುಟ್ಟಿದರೆ ಬುಡವೇ ಇಲ್ಲದೆ ಉರುಳಿದರೆ ಮಣ್ಣಿನ ಸಣ್ಣ ಕಪ್ಪು ನೊಣದ ಮರಿಹುಳು ಬೇರನ್ನು ತಿಂದಿದೆ. ಹಳದಿ ಅಂಟುಪಟ್ಟಿ ನೇತುಹಾಕಿ ನೊಣ ಹಿಡಿಯಿರಿ, ಮೇಲ್ಪದರಕ್ಕೆ ಅರ್ಧ ಸೆಂ.ಮೀ. ಒಣ ಮರಳು ಉದುರಿಸಿ, ಮರಿಹುಳು ಕೊಲ್ಲುವ ಬಿಟಿಐ ಬ್ಯಾಕ್ಟೀರಿಯಾ ಪುಡಿ ಸಿಕ್ಕರೆ ನೀರಿನಲ್ಲಿ ಕದಡಿ ಕೊಡಿ. ಬೇರಿಲ್ಲದೆ ಉರುಳಿದ ಸಸಿಯನ್ನು ಎಸೆಯಬೇಡಿ. ಬುಡ ಒಣಗಿ ಗಟ್ಟಿಯಾಗಿದ್ದರೆ ಒಂದು ದಿನ ನೆರಳಿನಲ್ಲಿಟ್ಟು, ತೇವವಿರುವ ಶುದ್ಧ ಪರ್ಲೈಟ್ ಮೇಲೆ ನಿಲ್ಲಿಸಿ ಮುಚ್ಚಿಡಿ. ಎಳೆಯ ಸಸಿ ದೊಡ್ಡ ಗಿಡಕ್ಕಿಂತ ಬೇಗ ಮರಳಿ ಬೇರು ಬಿಡುತ್ತದೆ.